ಅರ್ಧ ಗಾಡಿಗೆ, ಅರ್ಧ ಗಾಡಿಯ ಸುತ್ತಲಿನದಕ್ಕೆ: ಬೆಳಗಾವಿಯ ಒಂದು ವಿಂಟೇಜ್ ಮೋಟೋಕ್ರಾಸ್ ಪ್ರಕರಣ

ಈ ಲೆಕ್ಕ ಬರೆದಿಟ್ಟವನು ನಾನು. ನೂರು ಪುಟದ ರೂಲ್ ನೋಟ್‌ಬುಕ್ಕು, ರಟ್ಟಿನ ಮೇಲೆ ಎಣ್ಣೆ ಕೈ ಒತ್ತಿದ ಗುರುತು. ಮೂರು ಸೀಸನ್ನಿನ ಪ್ರತಿ ರೂಪಾಯಿ ಇದರಲ್ಲಿದೆ. ಹಳೇ ಬೈಕ್ ರೆಡಿ ಮಾಡಿ ಮಣ್ಣಿನಲ್ಲಿ ಓಡಿಸಬೇಕು ಅಂತ ಯಾರಾದರೂ ಕೇಳಿಕೊಂಡು ಬಂದರೆ ನಾನು ಮೊದಲು ಈ ನೋಟ್‌ಬುಕ್ಕನ್ನೇ ಅವರ ಕೈಗೆ ಕೊಡುತ್ತೇನೆ. ಎಲ್ಲರಿಗೂ ಕೊಡಲು ಆಗುವುದಿಲ್ಲವಲ್ಲ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ಯಾರ ಹೆಸರೂ ಹೇಳುವುದಿಲ್ಲ. ಗುರುತು ಸಿಗಬಾರದೆಂದು ಒಂದೆರಡು ವಿವರ ಬದಲಿಸಿದ್ದೇನೆ. ಗಾಡಿ ಓಡಿಸಿದವರನ್ನು ‘ಸವಾರ’ ಎನ್ನುತ್ತೇನೆ, ಎಂಜಿನ್ ಕಟ್ಟಿದವರನ್ನು ‘ಮಿಸ್ತ್ರಿ’, ಜಮೀನು ಕೊಟ್ಟವರನ್ನು ‘ಕಾಕಾ’.

ಹಿನ್ನೆಲೆ

ಸವಾರನಿಗೆ ಆಗ 34 ವರ್ಷ. ಬೆಳಗಾವಿಯ ಉದ್ಯಮಬಾಗದಲ್ಲಿ ಸಿಎನ್‌ಸಿ ಮೆಷೀನ್ ಆಪರೇಟರ್. ಸಂಬಳ ತಿಂಗಳಿಗೆ 28 ಸಾವಿರ. ಮನೆಯಲ್ಲಿ ಅವ್ವ, ಹೆಂಡತಿ, ಒಬ್ಬ ಮಗ. ಅಪ್ಪ ತೀರಿಕೊಂಡಿದ್ದರು. ಅವರು ಬಿಟ್ಟುಹೋದ 1979ರ ಯೆಜ್ಡಿ ಅಂಗಳದಲ್ಲಿ ಗೋಣಿಚೀಲ ಹೊದ್ದು ನಿಂತಿತ್ತು. ನಾನು ಅದೇ ಓಣಿಯವನು. ಒಂದು ಸೊಸೈಟಿಯಲ್ಲಿ ಲೆಕ್ಕ ಬರೆಯುವ ಕೆಲಸ ನನ್ನದು. ಇಬ್ಬರಿಗೂ ಚಿಕ್ಕಂದಿನಿಂದ ಬೈಕ್ ಹುಚ್ಚು.

ಮೋಟೋಕ್ರಾಸ್ ಅಂದರೆ ಮಣ್ಣಿನ ಏರಿಳಿತದ, ತಿರುವು ದಿಬ್ಬಗಳ ಟ್ರ್ಯಾಕಿನಲ್ಲಿ ಬೈಕ್ ಓಡಿಸುವ ಆಟ. ಅದನ್ನೇ ಹಳೇ ಗಾಡಿಗಳಲ್ಲಿ, ಹಳೇ ಕಾಲದಂಥ ಟ್ರ್ಯಾಕಿನಲ್ಲಿ ಆಡಿದರೆ ವಿಂಟೇಜ್ ಮೋಟೋಕ್ರಾಸ್. ಹಳೇದು ಎಲ್ಲಿಗೆ ಮುಗಿಯಿತು ಅನ್ನುವುದಕ್ಕೆ ಒಂದು ಒಳ್ಳೆ ಗುರುತಿದೆ, ಶಾಕ್ ಅಬ್ಸಾರ್ಬರ್. 1970ರ ದಶಕದ ಮಧ್ಯದವರೆಗೆ ಈ ಗಾಡಿಗಳ ಹಿಂದಿನ ಚಕ್ರ ಮೇಲೆ ಕೆಳಗೆ ಆಡುತ್ತಿದ್ದುದು ಸುಮಾರು 4 ಇಂಚು. ಆಮೇಲೆ ಅದು ಬೆಳೆಯುತ್ತಾ ಹೋಗಿ ಈಗಿನ ಮೋಟೋಕ್ರಾಸ್ ಗಾಡಿಯಲ್ಲಿ 12 ಇಂಚಿನ ಹತ್ತಿರ ಇದೆ. ಚಕ್ರ ಹೆಚ್ಚು ಆಡಿದಷ್ಟೂ ಹೆಚ್ಚು ಎತ್ತರದಿಂದ ಗಾಡಿ ನೆಲಕ್ಕೆ ಇಳಿಯಬಹುದು. ಈ ಒಂದು ಮಾತು ನಮಗೆ ಮೊದಲೇ ತಲೆಗೆ ಹೋಗಿದ್ದರೆ ಆಸ್ಪತ್ರೆಯ ಖರ್ಚು ಬರುತ್ತಲೇ ಇರಲಿಲ್ಲ. ಅದನ್ನು ಮುಂದೆ ಹೇಳುತ್ತೇನೆ.

ಯೆಜ್ಡಿಯೇ ಯಾಕೆ? ಇದ್ದದ್ದು ಅದು, ಅಷ್ಟೇ. ಆದರೆ ಓದುತ್ತಾ ಹೋದಂತೆ ಅದಕ್ಕಿಂತ ದೊಡ್ಡ ಕಾರಣ ಸಿಕ್ಕಿತು. ಮೈಸೂರಿನ ಐಡಿಯಲ್ ಜಾವಾ ಕಂಪನಿ 1961ರಿಂದ ಜಾವಾ ತಯಾರಿಸಿತು. 1973ರಿಂದ ಯೆಜ್ಡಿ ಎಂಬ ಹೆಸರಲ್ಲಿ ತಯಾರಿಸಿ 1996ರಲ್ಲಿ ಬಾಗಿಲು ಹಾಕಿತು. ಜಾವಾದ ತವರು ಆಗಿನ ಚೆಕೊಸ್ಲೊವಾಕಿಯಾ. ಅದೇ ದೇಶದ ಸಿ.ಜೆಡ್. ಗಾಡಿಗಳು 1960ರ ದಶಕದಲ್ಲಿ ಮೋಟೋಕ್ರಾಸ್ ಆಳಿದವು. ಬೆಲ್ಜಿಯಂನ ಜೋಯೆಲ್ ರಾಬರ್ಟ್ 1964ರಲ್ಲಿ 250 ಸಿಸಿ ವಿಶ್ವ ಚಾಂಪಿಯನ್ ಆದದ್ದು ಸಿ.ಜೆಡ್. ಮೇಲೆಯೇ. ಎರಡನೇ ಮಹಾಯುದ್ಧದ ನಂತರ ಜಾವಾ ಮತ್ತು ಸಿ.ಜೆಡ್. ಎರಡೂ ಒಂದೇ ಸರ್ಕಾರಿ ಸೂರಿನ ಅಡಿ ಇದ್ದವು. ನಮ್ಮ ಓಣಿಯ ಅಂಗಳದಲ್ಲಿ ಗೋಣಿಚೀಲ ಹೊದ್ದು ನಿಂತ ಗಾಡಿ ಆ ವಂಶದ್ದು ಅಂತ ಗೊತ್ತಾದ ದಿನ ಸವಾರ ಹೋಗಿ ಚೀಲ ತೆಗೆದು ಟ್ಯಾಂಕ್ ಒರೆಸಿದ. ಅದನ್ನು ನಾನು ನಮ್ಮ ಕಿಟಕಿಯಿಂದ ನೋಡಿದ್ದೆ.

ಮೊದಲ ತಿರುವು: ಅಪ್ಪನ ಗಾಡಿಗೆ ಗರಗಸ

2022ರ ದಸರಾ ಮುಗಿದ ಮೇಲೆ ಸವಾರ ಗಾಡಿ ತಳ್ಳಿಕೊಂಡು ಮಿಸ್ತ್ರಿ ಹತ್ತಿರ ಹೋದ. ಮಡ್‌ಗಾರ್ಡ್ ಕತ್ತರಿಸಬೇಕು, ಸೈಲೆನ್ಸರ್ ಮೇಲೆತ್ತಬೇಕು, ಫ್ರೇಮಿಗೆ ಪಟ್ಟಿ ಬೆಸುಗೆ ಹಾಕಬೇಕು. ಮಿಸ್ತ್ರಿ 40 ವರ್ಷದಿಂದ ಎರಡು ಸ್ಟ್ರೋಕಿನ (ಪೆಟ್ರೋಲಿಗೆ ಎಣ್ಣೆ ಕಲಸಿ ಓಡಿಸುವ ಹಳೇ ಬಗೆಯ ಎಂಜಿನ್ನಿನ) ಗಾಡಿಗಳನ್ನೇ ಮಾಡುತ್ತಾ ಬಂದವರು. ಗಾಡಿ ಸುತ್ತ ಒಂದು ಸುತ್ತು ಹಾಕಿ, “ಅವ್ವಗ ಹೇಳೀಯೇನೋ?” ಅಂತ ಕೇಳಿದರು. ಹೇಳಿರಲಿಲ್ಲ.

ಸಂಜೆ ಅವ್ವ ಹೇಳಿದ್ದು ಒಂದೇ ಮಾತು: “ಅಪ್ಪನ ಗಾಡಿಗಿ ಗರಗಸ ಹಚ್ಚಬ್ಯಾಡ. ಬೇಕಾರ ಬ್ಯಾರೇದು ತೊಗೋ.”

ಆಗ ನಮಗೆ ಬೇಸರವೇ ಆಯಿತು. ಆದರೆ ಆ ಮಾತಿಗೆ ಕಾನೂನಿನ ಬೆಂಬಲವೂ ಇತ್ತು ಅಂತ ಆಮೇಲೆ ತಿಳಿಯಿತು. 2021ರಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ವಾಹನಗಳಿಗೆಂದೇ ನಿಯಮ ತಂದಿದೆ. ಮೊದಲ ನೋಂದಣಿಯಾಗಿ 50 ವರ್ಷ ದಾಟಿರಬೇಕು, ಗಾಡಿ ಮೂಲ ರೂಪದಲ್ಲಿರಬೇಕು, ಚಾಸಿಸ್ ಮತ್ತು ಎಂಜಿನ್ನಿನಲ್ಲಿ ದೊಡ್ಡ ಬದಲಾವಣೆ ಆಗಿರಬಾರದು. ಹೊಸ ನೋಂದಣಿಗೆ 20,000 ರೂಪಾಯಿ ಶುಲ್ಕ, ನಂಬರಿನಲ್ಲಿ ‘ವಿಎ’ ಅಕ್ಷರ. ಅಪ್ಪನ ಗಾಡಿಗೆ 2029ಕ್ಕೆ 50 ತುಂಬುತ್ತದೆ. ಅವತ್ತು ಗರಗಸ ಹಚ್ಚಿದ್ದರೆ ಆ ದಾರಿ ಮುಚ್ಚಿಹೋಗುತ್ತಿತ್ತು. ಹಳೇ ಗಾಡಿ ಇರುವವರಿಗೆ ನಾನು ಕೈಮುಗಿದು ಹೇಳುವ ಮಾತು ಇದು: ಕಾಗದಪತ್ರ ಸರಿ ಇದ್ದು, ಮೂಲ ಭಾಗಗಳು ಉಳಿದಿರುವ ಗಾಡಿಯನ್ನು ಮಣ್ಣಿಗೆ ಇಳಿಸಬೇಡಿ. ಅಂಥವು ಇನ್ನು ಹುಟ್ಟುವುದಿಲ್ಲ.

ಜಮಖಂಡಿ ಕಡೆ ಒಬ್ಬರ ದನದ ಕೊಟ್ಟಿಗೆ ಹಿಂದೆ ಇನ್ನೊಂದು ಯೆಜ್ಡಿ ಸಿಕ್ಕಿತು. ಎಂಜಿನ್ ಜಾಮ್, ಸೀಟ್ ಇಲ್ಲ, ಸೈಲೆನ್ಸರ್ ಒಳಗೆ ಇಲಿ ಗೂಡು. ಆರ್‌ಸಿ ಮಾತ್ರ ಇತ್ತು. ಇದಕ್ಕಿಂತ 10 ಸಾವಿರ ಕಡಿಮೆಗೆ ಕಾಗದವೇ ಇಲ್ಲದ ಗಾಡಿಯೊಂದನ್ನು ತೋರಿಸಿದವರಿದ್ದರು. ನಾವು ಬೇಡ ಅಂದೆವು. ರಸ್ತೆಗೆ ಇಳಿಯದ ಗಾಡಿಯಾದರೂ ಅದು ಯಾರದು ಅಂತ ತೋರಿಸುವ ಚೀಟಿ ಬೇಕೇ ಬೇಕು.

ಮೊದಲ ಸೀಸನ್ನಿನ ಲೆಕ್ಕ

ಗಾಡಿಗೆ 38,000. ಎಂಜಿನ್ ಕೆಲಸಕ್ಕೆ 21,500. ಇದರಲ್ಲಿ ಕ್ರ್ಯಾಂಕ್ ಬಿಚ್ಚಿ ಹೊಸ ಕನೆಕ್ಟಿಂಗ್ ರಾಡ್, ಲೇತ್‌ನಲ್ಲಿ ಬೋರು, ಓವರ್‌ಸೈಜ್ ಪಿಸ್ಟನ್, ಬೇರಿಂಗ್, ಆಯಿಲ್ ಸೀಲ್, ಕ್ಲಚ್ ಪ್ಲೇಟ್ ಎಲ್ಲ ಸೇರಿದೆ. ಮುಂದಿನ ಫೋರ್ಕ್, ಹಿಂದಿನ ಶಾಕ್, ರಿಮ್ಮು, ಕಡ್ಡಿ ಕಟ್ಟಿಸಿದ್ದು 17,800. ಮಣ್ಣು ಹಿಡಿಯುವ ಗುಬುಟು (ಉಬ್ಬು ಗುಂಡಿಗಳ) ಟೈರ್ ಎರಡು, 7,200. ಹ್ಯಾಂಡಲ್, ಫುಟ್‌ರೆಸ್ಟ್, ಬೆಸುಗೆ, ಗಾಳಿ ಫಿಲ್ಟರಿನ ಡಬ್ಬಿ 8,500. ಗಾಡಿ ನಿಂತ ಜಾಗದಲ್ಲಿ ಬಿದ್ದದ್ದು ಒಟ್ಟು 93,000.

ನಮಗೆ ಅನುಕೂಲವಾದದ್ದು ಬೆಳಗಾವಿಯೇ. ಫೌಂಡ್ರಿ, ಲೇತ್, ಗ್ರೈಂಡಿಂಗ್, ಏನು ಬೇಕಾದರೂ ಸೈಕಲ್ ತುಳಿಯುವಷ್ಟು ದೂರದಲ್ಲಿ ಸಿಗುವ ಊರು ಇದು. ಫುಟ್‌ರೆಸ್ಟನ್ನು ಸವಾರ ತಾನೇ ಊಟದ ಬಿಡುವಿನಲ್ಲಿ ಮಾಲೀಕರನ್ನು ಕೇಳಿಕೊಂಡು ಮಾಡಿದ. ಬೇರೆ ಊರಿನವರು ಇದೇ ಕೆಲಸಕ್ಕೆ ಇನ್ನೂ ಜಾಸ್ತಿ ಕೊಡಬೇಕಾಗಬಹುದು.

ಆಮೇಲೆ ಜಾಗ. ಎರಿ (ಕಪ್ಪು ಮಣ್ಣಿನ) ಭೂಮಿ ಈ ಆಟಕ್ಕೆ ಆಗುವುದಿಲ್ಲ. ಒಣಗಿದರೆ ಬಿರುಕು, ನೆನೆದರೆ ಟೈರಿಗೆ ಮೆತ್ತಿ ಚಕ್ರವೇ ತಿರುಗುವುದಿಲ್ಲ. ಮಸಾರಿ (ಕೆಂಪು ಮಣ್ಣು) ಸೇರಿದ ಮಡ್ಡಿ, ಅಂದರೆ ಗಟ್ಟಿ ಕಲ್ಲು ನೆಲ, ಬೇಕು. ಬೆಳಗಾವಿಯಿಂದ ಸುಮಾರು 40 ಕಿಲೋಮೀಟರ್ ದೂರ, ನೇಸರಗಿ ಕಡೆ ಕಾಕಾ ಅವರ ಎರಡು ಎಕರೆ ಮಡ್ಡಿ ಖಾಲಿ ಬಿದ್ದಿತ್ತು. ಜೋಳವೂ ಸರಿಯಾಗಿ ಬಾರದ ನೆಲ. “ತೊಗೋಳ್ರಿ, ಕಲ್ಲು ಮಾತ್ರ ನನ್ನ ಹೊಲಕ್ಕ ಒಗೀಬ್ಯಾಡ್ರಿ” ಅಂದರು. ಜೆಸಿಬಿ 9 ಗಂಟೆ ಓಡಿತು, ಗಂಟೆಗೆ 1,200ರಂತೆ 10,800.

ಈ ಗಾಡಿ ರಸ್ತೆ ಮೇಲೆ ಓಡುವಂತಿಲ್ಲ. ಲೈಟಿಲ್ಲ, ರೂಪ ಬದಲಾಗಿದೆ. ಹಾಗಾಗಿ ಪ್ರತಿ ಸಲ ಛೋಟಾ ಹಾಥಿಯಲ್ಲಿ (ಸಣ್ಣ ಸರಕು ಗಾಡಿಯಲ್ಲಿ) ಹೇರಿಕೊಂಡು ಹೋಗಬೇಕು, ಹೋಗಿ ಬರಲು 2,000. ಡಿಸೆಂಬರಿನಿಂದ ಮಾರ್ಚ್ ಒಳಗೆ 14 ಸಲ ಹೋದೆವು: 28,000. ಪೆಟ್ರೋಲ್, ಆಯಿಲ್, ಪ್ಲಗ್, ಚೈನು, ಕೇಬಲ್ 11,000. ಲೀಟರ್ ಪೆಟ್ರೋಲಿಗೆ 40 ಎಂಎಲ್ ಎಣ್ಣೆ ಕಲಸಿ ಹಾಕುವುದು ನಮ್ಮ ಮಿಸ್ತ್ರಿ ಪದ್ಧತಿ.

ಪೆಟ್ರೋಲಿನ ವಿಷಯಕ್ಕೆ ಒಂದು ಮಾತು ಸೇರಿಸಬೇಕು. ಈಗ ಬರುವುದು ಎಥನಾಲ್ ಸೇರಿದ ಪೆಟ್ರೋಲು. ನಮ್ಮ ಬೆಳಗಾವಿ, ಬಾಗಲಕೋಟೆ ಜಿಲ್ಲೆಯ ಕಬ್ಬಿನಿಂದಲೂ ಎಥನಾಲ್ ಆಗುತ್ತದೆ, ರೈತರಿಗೆ ಅದರಿಂದ ಒಳ್ಳೆಯದೇ. ಆದರೆ 40 ವರ್ಷ ಹಿಂದಿನ ರಬ್ಬರ್ ಸೀಲು, ಪೈಪು ಅದನ್ನು ತಾಳುವುದಿಲ್ಲ. ಅದು ಗಾಳಿಯ ನೀರಿನಂಶವನ್ನೂ ಎಳೆದುಕೊಳ್ಳುತ್ತದೆ. ವಾರಗಟ್ಟಲೆ ನಿಲ್ಲಿಸುವ ಗಾಡಿಯಾದರೆ ಟ್ಯಾಂಕೂ ಕಾರ್ಬೊರೇಟರೂ ಖಾಲಿ ಮಾಡಿಯೇ ನಿಲ್ಲಿಸಬೇಕು. ಇದು ಗೊತ್ತಾಗುವಷ್ಟರಲ್ಲಿ ನಮ್ಮ ಎರಡು ಪೆಟ್ರೋಲ್ ಪೈಪ್ ಮೆತ್ತಗಾಗಿ ಹೋಗಿದ್ದವು.

ಈ ಪಟ್ಟಿಯಲ್ಲಿ ಒಂದು ಸಾಲು ಇಲ್ಲ, ನೋಡಿ. ಮೈಮೇಲಿನ ರಕ್ಷಣೆ. ಸವಾರನ ಹತ್ತಿರ ಇದ್ದದ್ದು ರಸ್ತೆಯ ಹೆಲ್ಮೆಟ್, ಕೆಲಸದ ಸೇಫ್ಟಿ ಬೂಟು, ಕ್ರಿಕೆಟ್ಟಿನ ಮೊಣಕಾಲು ಪ್ಯಾಡು. ದುಡ್ಡು ಮುಗಿದಿತ್ತು. ಎಂಜಿನ್ ಮೊದಲು, ಬೂಟು ಮುಂದಿನ ಬೋನಸ್ಸಿಗೆ ಅಂದುಕೊಂಡೆವು. ನಾನೂ ತಲೆ ಆಡಿಸಿದ್ದೆ. ಲೆಕ್ಕ ಬರೆಯುವವನು ನಾನು, ನಾನೇ ತಡೆಯಬೇಕಿತ್ತು.

ಬಿದ್ದ ದಿನ

ಟ್ರ್ಯಾಕ್ ಮಾಡುವಾಗ ನಾವು ಫೋನಿನಲ್ಲಿ ನೋಡಿದ್ದು ಈಗಿನ ಸೂಪರ್‌ಕ್ರಾಸ್ (ಎತ್ತರದ ಕೃತಕ ದಿಬ್ಬಗಳ ಮೇಲೆ ಹಾರಿಸುವ ಮೋಟೋಕ್ರಾಸ್) ವಿಡಿಯೋಗಳನ್ನು. ಅದರಲ್ಲಿ ಗಾಡಿಗಳು ಮನೆ ಎತ್ತರಕ್ಕೆ ಹಾರುತ್ತವೆ. ಅಷ್ಟಲ್ಲದಿದ್ದರೂ ನಾವೂ ಆಳೆತ್ತರದ ಒಂದು ದಿಬ್ಬ ಹಾಕಿಸಿದೆವು. 2023ರ ಮಾರ್ಚ್ ಕೊನೆಯ ಭಾನುವಾರ ಸವಾರ ಅದರ ಮೇಲಿಂದ ಹಾರಿದ. ಹಿಂದಿನ ಶಾಕು ಎರಡೂ ತಳ ಮುಟ್ಟಿದ ಟಣ್ ಸದ್ದು ನನಗೆ ಬೇವಿನ ಮರದ ಬುಡಕ್ಕೇ ಕೇಳಿಸಿತು. ಗಾಡಿ ಚೆಂಡಿನ ಹಾಗೆ ಪುಟಿದು ಹಿಂಬದಿ ಎದ್ದಿತು. ಸವಾರ ಹ್ಯಾಂಡಲ್ ದಾಟಿ ಬಲಭುಜದ ಮೇಲೆ ಬಿದ್ದ. ಎದ್ದು ನಿಂತ. ಆದರೆ ಬಲಗೈ ಎತ್ತಲು ಬರಲಿಲ್ಲ.

ಕೊರಳೆಲುಬು (ಕಾಲರ್ ಬೋನ್) ಮುರಿದಿತ್ತು. ಪ್ಲೇಟ್ ಹಾಕಿದರು, 78,000. ಆರು ವಾರ ಕೆಲಸವಿಲ್ಲ. ರಜೆ ಮುಗಿದ ಮೇಲಿನ ದಿನಗಳ ಸಂಬಳ ಹೋಯಿತು.

ಇಲ್ಲೊಂದು ಸಣ್ಣ ಸಂಗತಿ ದೊಡ್ಡದಾಯಿತು. ಆಸ್ಪತ್ರೆಯ ಚೀಟಿಯಲ್ಲಿ ‘ಬೈಕ್ ರೇಸಿನಲ್ಲಿ ಬಿದ್ದದ್ದು’ ಅಂತ ಬರೆದಿದ್ದರು. ಕಂಪನಿ ಮಾಡಿಸಿದ್ದ ಆರೋಗ್ಯ ವಿಮೆಯವರು ‘ರೇಸ್’ ಪದ ನೋಡಿ ಕ್ಲೇಮು ನಿಲ್ಲಿಸಿದರು. ನಾನು ಪಾಲಿಸಿ ತರಿಸಿ ಓದಿದೆ. ಅಪಾಯದ ಕ್ರೀಡೆಗಳನ್ನು ಹೊರಗಿಡುವ ಸಾಲಿನಲ್ಲಿ ಮೋಟಾರ್ ರೇಸಿಂಗ್ ಇತ್ತು, ಆದರೆ ‘ವೃತ್ತಿಪರನಾಗಿ ಭಾಗವಹಿಸಿದಾಗ’ ಎಂಬ ಮಾತೂ ಇತ್ತು. ಸವಾರ ವೃತ್ತಿಪರನಲ್ಲ. ಬಹುಮಾನವಿಲ್ಲ, ಎದುರಾಳಿ ಇಲ್ಲ, ಖಾಸಗಿ ಜಮೀನಿನಲ್ಲಿ ಒಬ್ಬನೇ ಓಡಿಸುತ್ತಿದ್ದ. ಇದನ್ನೆಲ್ಲ ಬರೆದು, ಕಾಕಾ ಅವರ ಸಹಿ ಹಾಕಿಸಿ ಕಳಿಸಿದೆವು. ಮೂರು ತಿಂಗಳಾದ ಮೇಲೆ 61,000 ಬಂತು. ಅಷ್ಟು ದಿನ ಆ ದುಡ್ಡು ಅವನ ಹೆಂಡತಿಯ ಬಳೆ ಅಡವಿಟ್ಟ ಸಾಲವಾಗಿತ್ತು.

ಪಾಲಿಸಿಯ ಆ ಪುಟವನ್ನು ಬೀಳುವ ಮೊದಲೇ ಓದಿಕೊಳ್ಳಿ. ಪ್ರತಿ ಪಾಲಿಸಿಯ ಮಾತು ಬೇರೆ. ಗಾಡಿಯ ವಿಮೆಯಂತೂ ರೇಸಿಗೂ ವೇಗದ ಪರೀಕ್ಷೆಗೂ ಆಗುವುದಿಲ್ಲ ಅಂತ ಅದರಲ್ಲೇ ಬರೆದಿರುತ್ತದೆ.

ಕೈ ಸರಿಯಾದ ಮೇಲೆ ಸವಾರ ಮೊದಲು ಮಾಡಿದ್ದು ದಿಬ್ಬವನ್ನು ಸಲಿಕೆ ಹಿಡಿದು ಅರ್ಧಕ್ಕೆ ಇಳಿಸಿದ್ದು. ಆಮೇಲೆ ಬಟ್ಟೆಬರೆ: ಮೋಟೋಕ್ರಾಸ್ ಹೆಲ್ಮೆಟ್ 9,500, ಕನ್ನಡಕ 1,800, ಬೂಟು 18,000, ಮೊಣಕಾಲು ಮೊಣಕೈ ಗಾರ್ಡ್ 4,200, ಎದೆ ಬೆನ್ನಿನ ಕವಚ 6,500, ಕೈಗವಸು 1,500. ಒಟ್ಟು 41,500. ಮೊದಲ ಸೀಸನ್ನಿನ ಎಲ್ಲ ಖರ್ಚು, ಆಸ್ಪತ್ರೆ ಬಿಟ್ಟು, 1,84,300. ಅದರಲ್ಲಿ ಗಾಡಿಯದು ಅರ್ಧ. ‘ಹಳೇ ಗಾಡಿ ತಾನೇ, ಕಡಿಮೆಗೆ ಆಗುತ್ತೆ’ ಅಂತ ಶುರು ಮಾಡಿದ್ದು ನಾವು. ಗಾಡಿ ಹಳೇದಾದರೂ ಮನುಷ್ಯನ ಮೂಳೆಗೆ ಬೇಕಾದದ್ದು ಹೊಸ ರೇಟಿಗೇ ಸಿಗುತ್ತದೆ.

ಜನರಿಗೆ ಗೊತ್ತಿರಲಿಲ್ಲ ಎಂಬ ಸಮಸ್ಯೆ

ದುಡ್ಡಿನ ಸಮಸ್ಯೆಗಿಂತ ನಮ್ಮನ್ನು ಹೆಚ್ಚು ಕಾಡಿದ್ದು ಇದು. ಮಡ್ಡಿಯಲ್ಲಿ ನಾವು ಏನು ಮಾಡುತ್ತಿದ್ದೇವೆ ಅಂತ ಊರಿನವರಿಗೆ ಗೊತ್ತಿರಲಿಲ್ಲ. ಬೈಕ್ ರೇಸ್ ಅಂದರೆ ಅವರ ಕಣ್ಣ ಮುಂದೆ ಬರುವುದು ಹೈವೇ ಮೇಲೆ ಮುಂದಿನ ಚಕ್ರ ಎತ್ತಿ ಹೋಗುವ ಹುಡುಗರು. ಅದರಲ್ಲಿ ಅವರ ತಪ್ಪಿಲ್ಲ. ಬೇರೇದನ್ನು ಯಾರು ತೋರಿಸಿದ್ದಾರೆ ಹೇಳಿ? ದೇಶದಲ್ಲಿ ಮೋಟಾರ್ ಕ್ರೀಡೆಗೆ ಒಕ್ಕೂಟ 1971ರಿಂದ ಇದೆ, ರಾಷ್ಟ್ರೀಯ ಸೂಪರ್‌ಕ್ರಾಸ್ ನಡೆಯುತ್ತದೆ. ನಮ್ಮ ಹಳ್ಳಿಯ ಕಟ್ಟೆವರೆಗೆ ಆ ಸುದ್ದಿ ಬರುವುದಿಲ್ಲ.

ಮೊದಲ ದೂರು ಎಮ್ಮೆಯದು. ಪಕ್ಕದ ಹೊಲದವರು ಬಂದು, “ನಿಮ್ಮ ಗಾಡಿ ಸಪ್ಪಳಕ್ಕ ಎಮ್ಮಿ ಹಾಲ ಬಿಡವಲ್ದು” ಅಂದರು. ನಾವು ಹೋಗಿ ನಿಂತು ನೋಡಿದೆವು. ನಿಜವೇ. ಎಂಜಿನ್ ಶುರುವಾದರೆ ಎಮ್ಮೆ ಕಿವಿ ನಿಗುರಿಸಿ ಕಾಲು ಝಾಡಿಸುತ್ತಿತ್ತು. ಅವತ್ತಿನಿಂದ ಬೆಳಗ್ಗೆ 9ರ ಮೊದಲು ಗಾಡಿ ಶುರು ಮಾಡಲಿಲ್ಲ, ಸೈಲೆನ್ಸರ್ ಒಳಗಿನ ಜಾಳಿಗೆಯನ್ನು ವಾಪಸ್ ಹಾಕಿದೆವು. ಸ್ವಲ್ಪ ಪವರ್ ಹೋಯಿತು, ಹೋಗಲಿ. ಆ ಮನೆಯವರೇ ಈಗ ನಮಗೆ ಮಜ್ಜಿಗೆ ಕಳಿಸುತ್ತಾರೆ.

ಎರಡನೇದು ನಾವೇ ಮಾಡಿಕೊಂಡದ್ದು. 2024ರ ಫೆಬ್ರವರಿಯಲ್ಲಿ ಊರ ಜಾತ್ರೆ. ತೆರಬಂಡಿ, ಟ್ರ್ಯಾಕ್ಟರ್ ರಿವರ್ಸ್ ಓಡಿಸುವ ಸ್ಪರ್ಧೆ ಎಲ್ಲ ಇರುತ್ತವೆ. ಹಿರಿಯರು, “ನಿಮ್ಮದೂ ಒಂದ್ ಆಟ ತೋರಸ್ರಿ” ಅಂದರು. ಖುಷಿಯಿಂದ ಒಪ್ಪಿದೆವು. ಜನಕ್ಕೆ ತಿಳಿಯುತ್ತೆ, ಯಾರಾದರೂ ಜೊತೆಗೂಡುತ್ತಾರೆ ಅಂತ ಆಸೆ.

ಮೊದಲ ಸುತ್ತಿನಲ್ಲಿ ಜನ ದೂರ ಇದ್ದರು. ಎರಡನೇ ಸುತ್ತಿಗೆ ಫೋನ್ ಹಿಡಿದು ತಿರುವಿನ ಹೊರಬದಿಗೆ ಬಂದು ನಿಂತರು. ಗಾಡಿ ಜಾರಿದರೆ ಹೋಗುವುದು ಅಲ್ಲಿಗೇ. ಸವಾರ ಅರ್ಧದಲ್ಲಿ ಎಂಜಿನ್ ಬಂದ್ ಮಾಡಿ, ಗಾಡಿ ತಳ್ಳಿಕೊಂಡು ಹೊರಗೆ ಬಂದ. ಕೇಕೆ ಹಾಕಿದವರು, ಬೈದವರು ಎಲ್ಲ ಇದ್ದರು. ಮೂರು ಸೀಸನ್ನಿನಲ್ಲಿ ಅವನು ತೆಗೆದುಕೊಂಡ ಅತ್ಯಂತ ಸರಿಯಾದ ನಿರ್ಧಾರ ಇದೇ ಅಂತ ನನ್ನ ನಂಬಿಕೆ. ಅಷ್ಟು ಜನರ ಮುಂದೆ ನಿಲ್ಲಿಸುವುದು ಓಡಿಸುವುದಕ್ಕಿಂತ ಕಷ್ಟ.

ಆದರೆ ಪೆಟ್ಟು ಬೇರೆ ಕಡೆಯಿಂದ ಬಂತು. ಮರುದಿನ ಊರಿನ ಮೂವರು ಹುಡುಗರು ರಸ್ತೆ ಮೇಲೆ ಅದೇ ರೀತಿ ಹಾರಿಸಲು ಹೋಗಿ, ಒಬ್ಬ ಅಜ್ಜನಿಗೆ ತಾಗಿಸುವುದು ಸ್ವಲ್ಪದರಲ್ಲಿ ತಪ್ಪಿತು. ‘ಮಡ್ಡಿಯ ರೇಸಿನವರು ಹುಡುಗರನ್ನು ಕೆಡಿಸುತ್ತಿದ್ದಾರೆ’ ಅಂತ ಠಾಣೆಗೆ ದೂರು ಹೋಯಿತು.

ಠಾಣೆಯಲ್ಲಿ

ಕರೆಯುವ ಮೊದಲೇ ಹೋಗೋಣ ಅಂದವರು ಕಾಕಾ. ಇದು ಎರಡನೇ ದೊಡ್ಡ ತಿರುವು. ಸವಾರ ಹೆಲ್ಮೆಟ್, ಬೂಟು, ಎದೆಕವಚ ಚೀಲದಲ್ಲಿ ತುಂಬಿಕೊಂಡ. ನಾನು ನೋಟ್‌ಬುಕ್ಕು ಹಿಡಿದುಕೊಂಡೆ. ಕಾಕಾ ಜಮೀನಿನ ಉತಾರ (ಪಹಣಿ) ತಂದರು.

ಪಿಎಸ್‌ಐ ಸಾಹೇಬರು ಮೊದಲು ಗದರಿಸಿದರು. ಮೋಟಾರ್ ವಾಹನ ಕಾಯ್ದೆಯ 189ನೇ ಕಲಂ ತೆಗೆದು ಓದಿದರು. ಸಾರ್ವಜನಿಕ ಜಾಗದಲ್ಲಿ ಸರ್ಕಾರದ ಒಪ್ಪಿಗೆ ಇಲ್ಲದೆ ರೇಸ್ ಮಾಡಿದರೆ ಮೊದಲ ಸಲಕ್ಕೆ ಮೂರು ತಿಂಗಳವರೆಗೆ ಜೈಲು ಅಥವಾ 5,000 ರೂಪಾಯಿವರೆಗೆ ದಂಡ ಅಥವಾ ಎರಡೂ, ಮತ್ತೆ ಮಾಡಿದರೆ ವರ್ಷದವರೆಗೆ ಜೈಲು, 10,000ದವರೆಗೆ ದಂಡ. ಕಾಕಾ ಉತಾರ ಮುಂದಿಟ್ಟು, “ಸಾಹೇಬ್ರ, ಇದು ರಸ್ತೆ ಅಲ್ಲರೀ, ನನ್ನ ಹೊಲ” ಅಂದರು. ಸವಾರ ಬೂಟು ಮೇಜಿನ ಮೇಲಿಟ್ಟ. ಸಾಹೇಬರು ಅದನ್ನು ಎತ್ತಿ ತೂಕ ನೋಡಿ, ಬಕಲ್ ಹಾಕಿ ತೆಗೆದು, ಎಷ್ಟು ಅಂತ ಕೇಳಿದರು. ಹೇಳಿದೆವು. “ಇಷ್ಟ್ ಖರ್ಚ್ ಮಾಡಿ ಹೊಲದಾಗ ಓಡಸ್ತೀರಿ?” ಅಂತ ಕೇಳಿದ ದನಿ ಆಗಲೇ ಬದಲಾಗಿತ್ತು.

ಅಲ್ಲಿಂದ ಮೂರು ಮಾತಿಗೆ ಒಪ್ಪಿ ಬಂದೆವು. ಓಡಿಸುವ ದಿನ ಠಾಣೆಗೆ ಮೊದಲೇ ಪತ್ರ ಕೊಡುವುದು. ಜನ ಸೇರುವ ದಿನವಾದರೆ ಹಗ್ಗ ಕಟ್ಟಿ, ಆಂಬುಲೆನ್ಸ್ ನಿಲ್ಲಿಸುವುದು. ರಸ್ತೆ ಮೇಲೆ ಚಕ್ರ ಎತ್ತುವ ಯಾರಿಗೂ ನಮ್ಮ ಟ್ರ್ಯಾಕಿನ ಒಳಗೆ ಜಾಗವಿಲ್ಲ. ಆ ಸೀಸನ್ನಿನಲ್ಲಿ ಗಾಡಿ ಮತ್ತೆ ಹೆಚ್ಚು ಓಡಲಿಲ್ಲ.

ಓಡಿಸಿ ತೋರಿಸುವ ಬದಲು ಬಿಚ್ಚಿ ತೋರಿಸಿದ್ದು

ಯೋಚನೆ ಮಿಸ್ತ್ರಿಯವರದು. ಜಾತ್ರೆಯಲ್ಲಿ ಜನ ನೋಡಿದ್ದು ಹಾರಾಟ ಮಾತ್ರ, ಕೆಲಸ ನೋಡಲಿಲ್ಲ ಅಂದರು. ಹತ್ತಿರದ ಒಂದು ಐಟಿಐಗೆ ಹೋಗಿ ಕೇಳಿದೆವು. ಒಂದು ಶನಿವಾರ 20–25 ಹುಡುಗರು ಕಾಕಾ ಅವರ ಹೊಲಕ್ಕೆ ಬಂದರು. ಅವತ್ತು ಎಂಜಿನ್ ಶುರು ಮಾಡಲೇ ಇಲ್ಲ. ಮಿಸ್ತ್ರಿ ಗೋಣಿಚೀಲ ಹಾಸಿ, ಸಿಲಿಂಡರ್ ಬಿಚ್ಚಿ ಇಟ್ಟರು. ಹುಡುಗರು ಎರಡು ಸ್ಟ್ರೋಕ್ ಎಂಜಿನ್ ಪುಸ್ತಕದಲ್ಲಿ ಓದಿದ್ದರು, ಕೈಯಲ್ಲಿ ಹಿಡಿದಿರಲಿಲ್ಲ. ವಾಲ್ವ್ ಎಲ್ಲಿ ಅಂತ ಹುಡುಕಿದರು. “ವಾಲ್ವ್ ಇಲ್ಲಪಾ, ಕಿಟಕಿ ಅದಾವ. ಪಿಸ್ಟನ್ನೇ ಬಾಗಿಲಾ” ಅಂತ ಮಿಸ್ತ್ರಿ ಬೋರಿನೊಳಗೆ ಬೆರಳು ಹಾಕಿ ಒಂದೊಂದು ಪೋರ್ಟ್ ಮುಟ್ಟಿಸಿದರು. ಕಿಕ್ ಹೊಡೆಯುವ ರಾಡೇ ಮಡಚಿದರೆ ಗೇರಿನ ರಾಡ್ ಆಗುವುದನ್ನು ನೋಡಿ ಎಲ್ಲರೂ ಒಂದೊಂದು ಸಲ ಮಡಚಿ ನೋಡಿದರು. ಒಬ್ಬ ಹುಡುಗ ನಮ್ಮ ಹಳೇ ಪಿಸ್ಟನ್ನನ್ನು ಬಿಸಿಲಿಗೆ ಹಿಡಿದು, ಪಕ್ಕದಲ್ಲಿದ್ದ ಉದ್ದ ಗೀರು ತೋರಿಸಿ ಯಾಕೆ ಅಂತ ಕೇಳಿದ. ಧೂಳು. ಫಿಲ್ಟರ್ ಒಂದು ವಾರ ತೊಳೆಯದೆ ಓಡಿಸಿದ್ದರ ಗುರುತು ಅದು.

ನಾನು ಅವತ್ತು ಅರ್ಧ ಗಂಟೆ ಇತಿಹಾಸ ಹೇಳಿದೆ. 1924ರಲ್ಲಿ ಇಂಗ್ಲೆಂಡಿನ ಕ್ಯಾಂಬರ್ಲಿಯಲ್ಲಿ ಸ್ಕ್ರ್ಯಾಂಬಲ್ ಎಂಬ ಹೆಸರಲ್ಲಿ ಶುರುವಾದದ್ದು, 1957ರಲ್ಲಿ ವಿಶ್ವ ಚಾಂಪಿಯನ್‌ಶಿಪ್ ಆದದ್ದು, ಭಾರದ ನಾಲ್ಕು ಸ್ಟ್ರೋಕ್ ಗಾಡಿಗಳನ್ನು ಹಗುರದ ಎರಡು ಸ್ಟ್ರೋಕಿನವು ಹಿಂದೆ ಹಾಕಿದ್ದು. ಅಮೆರಿಕದಲ್ಲಿ 1989ರಿಂದ ಹಳೇ ಗಾಡಿಗಳಿಗೆಂದೇ ಸಂಘವಿದ್ದು, ವಯಸ್ಸಿನ ಪ್ರಕಾರ ಗಾಡಿಗಳ ವರ್ಗ ಮಾಡಿ ಓಡಿಸುತ್ತಾರೆ ಅಂತಲೂ ಹೇಳಿದೆ. ಕೊನೆಗೆ ಖರ್ಚಿನ ಪುಟ ಓದಿದೆ, ಆಸ್ಪತ್ರೆಯ ಸಾಲು ಸೇರಿಸಿ. ಹುಡುಗರು ಗಲಾಟೆ ನಿಲ್ಲಿಸಿ ಕೇಳಿದ್ದು ಅದನ್ನೇ.

ಜಾತ್ರೆ ಮರುದಿನ ರಸ್ತೆ ಮೇಲೆ ಹಾರಿಸಲು ಹೋದ ಆ ಮೂವರು ಹುಡುಗರಲ್ಲಿ ಒಬ್ಬ ಅವತ್ತು ಬೇಲಿ ಆಚೆ ನಿಂತಿದ್ದ. ಕಾಕಾ ಕರೆದು ಒಳಗೆ ಕೂರಿಸಿದರು. ಈಗ ಜನರನ್ನು ನೋಡಲು ಕರೆಯುವ ‘ತೆರೆದ ದಿನ’ಗಳಲ್ಲಿ ತಿರುವಿನಲ್ಲಿ ಹಳದಿ ಬಾವುಟ ಹಿಡಿಯುವವನು ಅವನೇ. ಇನ್ನಿಬ್ಬರು ಬರಲಿಲ್ಲ.

ಖರ್ಚು ಇಳಿದದ್ದು

ಬಾಯಿಂದ ಬಾಯಿಗೆ ಸುದ್ದಿ ಹೋಗಿ 2024ರ ದೀಪಾವಳಿ ಹೊತ್ತಿಗೆ ಇನ್ನೂ ಮೂವರು ಸೇರಿದರು. ಒಬ್ಬರ ಹತ್ತಿರ ರಾಜದೂತ್ 175, ಇಬ್ಬರ ಹತ್ತಿರ ಯಮಹಾ ಆರ್‌ಎಕ್ಸ್ 100. ಆರ್‌ಎಕ್ಸಿಗೆ ಈಗ ಸಿಗುವ ರೇಟು ಗೊತ್ತಲ್ಲ. ಮೂಲ ಸ್ಥಿತಿಯ ಗಾಡಿ ತಂದವರಿಗೆ ನಾವೇ ಬುದ್ಧಿ ಹೇಳಿ, ಮೊದಲೇ ಅರ್ಧ ಕೆಟ್ಟಿದ್ದ ಗಾಡಿ ಹುಡುಕಿಸಿದೆವು. ಹೊಸದಾಗಿ ಬರುವವರಿಗೆ ನಿಯಮ ಒಂದೇ: ಹೆಲ್ಮೆಟ್, ಬೂಟು, ಕವಚ ತಂದು ತೋರಿಸಿದ ಮೇಲೆ ಎಂಜಿನ್ ಬಿಚ್ಚಲು ಮಿಸ್ತ್ರಿ ಕೈ ಹಚ್ಚುತ್ತಾರೆ.

ನಾಲ್ವರೂ ಸೇರಿ ಕಾಕಾ ಅವರ ಹೊಲದಲ್ಲಿ 24,000ಕ್ಕೆ ತಗಡಿನ ಶೆಡ್ ಹಾಕಿದೆವು, ತಲೆಗೆ 6,000. ಗಾಡಿಗಳು ಅಲ್ಲೇ ಇರುತ್ತವೆ. ಛೋಟಾ ಹಾಥಿಯ 28,000 ಹೋಯಿತು. ಮೂರನೇ ಸೀಸನ್ನಿನಲ್ಲಿ ಸವಾರನ ಖರ್ಚು: ಶೆಡ್ 6,000, ಪೆಟ್ರೋಲ್ ಆಯಿಲ್ ಪ್ಲಗ್ಗು 9,000, ಬಿಡಿಭಾಗ 14,500, ಹಿಂದಿನ ಟೈರ್ 3,600, ಜೆಸಿಬಿ ಪಾಲು 1,800, ಎರಡು ತೆರೆದ ದಿನಗಳ ಆಂಬುಲೆನ್ಸ್ ಪಾಲು 1,750. ಒಟ್ಟು 36,650. ತಿಂಗಳಿಗೆ 3,000 ಚಿಲ್ಲರೆ.

ಎಷ್ಟೋ ಸಲ ಯೋಚಿಸಿದ್ದೇನೆ, ಮೊದಲ ವರ್ಷವೇ ಇಷ್ಟಕ್ಕೆ ಆಗುತ್ತಿತ್ತೇ ಅಂತ. ಗಾಡಿ, ಬೂಟಿನ ಖರ್ಚು ಹೇಗೂ ಇತ್ತು. ಆದರೆ ಸಾಗಣೆ, ಜೆಸಿಬಿ, ಆಂಬುಲೆನ್ಸ್ ಇವೆಲ್ಲ ಒಬ್ಬನಿಗೆ ಭಾರ, ನಾಲ್ವರಿಗೆ ಹಗುರ. ಆ ನಾಲ್ವರು ಸಿಗಲು ಊರಿಗೆ ನಾವು ಯಾರು, ಏನು ಮಾಡುತ್ತೇವೆ ಅಂತ ಗೊತ್ತಾಗಬೇಕಿತ್ತು. ಬೇಲಿ ಕಟ್ಟಿ ಒಳಗೆ ಓಡಿಸಿಕೊಂಡ ಎರಡು ವರ್ಷ ನಾವು ಊರಿಗೆ ಹೇಳಿರಲಿಲ್ಲ, ಮನೆಗೂ ಪೂರ್ತಿ ಹೇಳಿರಲಿಲ್ಲ. ಬೂಟು 2,000 ಅಂತ ಸವಾರ ಅವ್ವನಿಗೆ ಹೇಳಿದ್ದ.

ಕಷ್ಟ ಮುಗಿದಿಲ್ಲ. ಯೆಜ್ಡಿಯ ಒಳ್ಳೆ ಗುಣಮಟ್ಟದ ಕ್ರ್ಯಾಂಕ್ ಭಾಗ ಸಿಗುವುದು ಕಷ್ಟವಾಗುತ್ತಿದೆ. ಮಿಸ್ತ್ರಿಗೆ 66 ವರ್ಷ, ಅವರ ಕೈಕೆಳಗೆ ಕಲಿಯಲು ಐಟಿಐಯ ಒಬ್ಬ ಹುಡುಗ ಭಾನುವಾರ ಮಾತ್ರ ಬರುತ್ತಾನೆ. ಪಕ್ಕದ ಜಮೀನು ಮಾರಾಟವಾದರೆ ಹೊಸ ಮಾಲೀಕರು ಏನೆನ್ನುತ್ತಾರೋ.

ಕಳೆದ ತೆರೆದ ದಿನ ಅವ್ವ ಮೊದಲ ಸಲ ಬಂದರು, ಅಪ್ಪನ ಯೆಜ್ಡಿಯ ಹಿಂದಿನ ಸೀಟಿನಲ್ಲಿ ಕೂತು. ಬೇವಿನ ಮರದ ಕೆಳಗೆ ಕುರ್ಚಿ ಹಾಕಿಕೊಟ್ಟೆವು. ಸವಾರ ನಾಲ್ಕು ಸುತ್ತು ಹಾಕಿ ಬರುವವರೆಗೆ ಸೆರಗಿನ ತುದಿ ಕೈಯಲ್ಲಿ ಹಿಡಿದೇ ಕೂತಿದ್ದರು. ಆಮೇಲೆ ನನ್ನ ಮಡಿಲಲ್ಲಿದ್ದ ನೋಟ್‌ಬುಕ್ಕು ನೋಡಿ, “ಇದರಾಗ ಎಲ್ಲಾ ಬರದಿಯೇನು? ಓದು” ಅಂದರು. ಮೊದಲ ಪುಟದಿಂದ ಓದಿದೆ. ಬೂಟಿನ ಸಾಲು ಬಂದಾಗ ಸವಾರ ಎದ್ದು ಶೆಡ್ಡಿನ ಕಡೆ ಹೋದ. ನಾನು ನಿಲ್ಲಿಸಿದೆ.

“ಹದಿನೆಂಟ್ ಸಾವಿರ?” ಅಂದರು. ಸ್ವಲ್ಪ ಹೊತ್ತು ಟ್ರ್ಯಾಕಿನ ಕಡೆ ನೋಡಿದರು. “ಚಲೋ ಆತು. ಮುಂದ ಓದು.”